ಬಿಸಿಲಿನಲ್ಲಿ ಬಂದ ಡೋಣಿ

ಅಡುಗೆಮನೆಯಿಂದ ಶೇಂಗಾ ಹುರಿಯುವ ವಾಸನೆ ಬರುತ್ತಿದೆ. ಶೀಗಿ ಹುಣ್ಣಿಮೆ ಹತ್ತಿರ ಬಂತೆಂಬುದು ನನಗೆ ಮೊದಲು ಮೂಗಿನಿಂದಲೇ ತಿಳಿಯುತ್ತದೆ. ಅದೇ ಹೊತ್ತಿಗೆ ಫೋನು ಕುಂಯ್ ಎಂದು ಭಾರಿ ಮಳೆಯ ಎಚ್ಚರಿಕೆ ತಂದಿತು. ಅಥಣಿ ರಸ್ತೆಯ ನಮ್ಮ ಬಡಾವಣೆಯ ಮೇಲೆ ಒಂದು ತುಣುಕು ಮೋಡವೂ ಇಲ್ಲ. ಆದರೂ ಸಂದೇಶವನ್ನು ಎರಡು ಸಲ ಓದಿದೆ. ಯಾಕೆಂದು ಹೇಳುತ್ತೇನೆ. ಒಂದೇ ಬೆರಳಿನಿಂದ ಅಕ್ಷರ ಒತ್ತುವವನು ನಾನು, ತಡವಾದರೆ ಬೇಸರ ಮಾಡಿಕೊಳ್ಳಬೇಡಿ.

ನಾನು ಓದಲು ಕಲಿತದ್ದು ಮದುವೆಯಾದ ಮೇಲೆ. ತಡವಾಗಿ ಕಲಿತವರಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಅಂಟುತ್ತದೆ. ಬಸ್ಸಿನ ಹಿಂದಿನ ಬರಹ, ಸಾಬೂನಿನ ಕಾಗದ, ಗೊಬ್ಬರದ ಚೀಲ, ಯಾವುದನ್ನೂ ಬಿಟ್ಟವನಲ್ಲ. ಫೋನಿಗೆ ಹವಾಮಾನದ ಸಂದೇಶಗಳು ಬರತೊಡಗಿದ ಮೇಲಂತೂ ಕಾಖಂಡಕಿಯ ಅತ್ತೆಮನೆಯಲ್ಲಿ ನನಗೆ ಮಳೆರಾಯ ಎಂದೇ ಹೆಸರಾಯಿತು. ಹೊಗಳಿಕೆಯಲ್ಲ, ಚೇಷ್ಟೆ. ಸಂದೇಶ ಇಡೀ ಜಿಲ್ಲೆಗೆ ಒಂದೇ ಬರುತ್ತದೆ, ಮಳೆ ಎಲ್ಲೋ ಒಂದು ಮೂಲೆಗೆ ಬೀಳುತ್ತದೆ. ನಾನು ಓದಿದ ಎಷ್ಟೋ ಮಳೆಗಳು ಕಾಖಂಡಕಿಯಲ್ಲಿ ಬೀಳಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಶೀಗಿ ಹುಣ್ಣಿಮೆಯ ದಿನ ಚರಗ ಚೆಲ್ಲಲು ಡೋಣಿ ಹೊಳೆಯ ಆಚೆ ದಂಡೆಯ ಹೊಲಕ್ಕೆ ಹೊರಟಿದ್ದೆವು. ಭೂಮಿತಾಯಿಗೆ ಮೊದಲು ಉಣಿಸಿ, ಆಮೇಲೆ ನಾವು ಉಣ್ಣುವ ಹಬ್ಬ ಅದು. ಹೆಂಡತಿ ಕಾಲು ಉಳುಕಿ ಮನೆಯಲ್ಲೇ ಉಳಿದಿದ್ದಳು. ಹೀಗಾಗಿ ಹೋಳಿಗೆ, ಕಡಬು ತುಂಬಿದ ಬುಟ್ಟಿ ನನ್ನ ತಲೆಗೆ ಬಂತು.

ಅಂದೂ ಬೆಳಿಗ್ಗೆ ಸಂದೇಶ ಬಂದಿತ್ತು. ಹಳ್ಳ, ನದಿ ದಾಟಬೇಡಿ ಎಂದಿತ್ತು. ಮೇಲಿನ ಸೀಮೆಯ ಕಳ್ಳಕವಟಗಿಯಲ್ಲಿರುವ ಗೆಳೆಯ ದಸ್ತಗೀರನಿಗೆ ಫೋನು ಹಚ್ಚಿದ್ದೆ. “ರಾತ್ರಿ ಏನ್ ಬಿತ್ತಂತಿ ದೋಸ್ತಾ. ಹಳ್ಳ ಒಡ್ಡ ಕಡಕೊಂಡು ಹೊಂಟೈತಿ. ಎಲ್ಲಾ ನಿಮ್ಮ ಕಡೇನ ಬರತೈತಿ, ಬಾಗಲಾ ಹಾಕ್ಕೋರಿ,” ಎಂದು ನಕ್ಕಿದ್ದ.

ದಂಡೆಯಲ್ಲಿ ನಿಂತು ಇದನ್ನೇ ಹೇಳಿದೆ. ಅತ್ತೆ ಹುಬ್ಬಿಗೆ ಕೈ ಹಚ್ಚಿ ಆಕಾಶ ನೋಡಿದಳು.

“ಎಲ್ಲೈತ್ರಿ ಅಳಿಯಂದ್ರ ಮಳಿ? ನಿಮ್ಮ ಫೋನಿನಾಗ ಅಷ್ಟ ಬಿದ್ದೈತೇನು?”

“ಕಳ್ಳಕವಟಗ್ಯಾಗ ಬಿದ್ದೈತ್ರಿ ಅತ್ತಿ. ಆ ನೀರು ಇಲ್ಲಿಗೇ ಬರೂದು.”

“ಅವರ ಮಳಿ ಅವರಿಗೆ. ಡೋಣಿ ದಂಡಿ ಮ್ಯಾಲ ಹುಟ್ಟಿದಾಕಿ ನಾ. ನನಗ ಡೋಣಿ ಕಲಸ್ತೀರಿ?” ಎಂದು ಹಿಮ್ಮಡಿ ಮುಳುಗದಷ್ಟಿದ್ದ ನೀರಿಗೆ ಇಳಿದೇಬಿಟ್ಟಳು.

ಹೆಂಡತಿಯ ತಮ್ಮ ಸಂಗಪ್ಪ ಆಗಲೇ ಆಚೆ ದಂಡೆ ಮುಟ್ಟಿದ್ದ. “ಮಾವಾರ, ಬುಟ್ಟಿ ತರ್ರಿ. ಹಸಿವಿಗೆ ಭೂಮಿತಾಯಿನೂ ಬೈಯಾಕತ್ಯಾಳ,” ಎಂದು ಕೂಗಿದ. ಪಕ್ಕದ ಹೊಲದವರೂ ನಕ್ಕರು.

ನಾನು ಬುಟ್ಟಿ ಇಳಿಸಿ ಅಲ್ಲೇ ಕುಳಿತೆ. “ನಾ ಬರಂಗಿಲ್ರಿ” ಎಂದೆ.

ನಮ್ಮ ಕಡೆ ಹಬ್ಬದ ದಿನ ಅಳಿಯ ಮುನಿಸಿಕೊಂಡರೆ ಅದು ಸಣ್ಣ ಮಾತಲ್ಲ, ಯಾರಾದರೂ ಬಂದು ರಮಿಸಲೇಬೇಕು. ನಡುಹೊಳೆಯಲ್ಲಿದ್ದ ಅತ್ತೆ ಸೀರೆ ಎತ್ತಿ ಹಿಡಿದು, ಗೊಣಗುತ್ತ ಹೊರಳಿ ಬಂದಳು. “ನೀವು ಬರಬ್ಯಾಡ್ರಿ. ಬುಟ್ಟಿನರ ಕೊಡ್ರಿ” ಎಂದು ಬಗ್ಗಿ ಒಂದು ಅಂಚು ಹಿಡಿದಳು. ನಾನು ಇನ್ನೊಂದು ಅಂಚು ಬಿಡಲಿಲ್ಲ.

ಆಗ ಜಾಲಿಗಿಡಗಳಿಂದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ಟ್ರ್ಯಾಕ್ಟರಿನಿಂದ ಕಲ್ಲು ಸುರಿದಂಥ ಸದ್ದು. ತಿರುವಿನಲ್ಲಿ ಮೊದಲು ಕಂಡದ್ದು ನೀರಲ್ಲ. ಮುಳ್ಳುಕಂಟಿ, ಜೋಳದ ಕಣಿಕೆ, ನೊರೆ ಎಲ್ಲ ಸೇರಿ ಗೋಡೆಯ ಹಾಗೆ ನಿಂತುಕೊಂಡೇ ಬಂತು. ಅದರ ಹಿಂದೆ ಕೆಂಪು ನೀರು. ಅತ್ತೆ ಈಗಷ್ಟೇ ನಿಂತಿದ್ದ ಜಾಗ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಲ್ಲವಾಯಿತು. ಯಾರದೋ ಎತ್ತಿನ ಗಾಡಿಯ ಗಾಲಿಯೊಂದು ಉರುಳುತ್ತ ಮುಳುಗುತ್ತ ಹೋಯಿತು. ಇಷ್ಟೆಲ್ಲದರ ಮೇಲೆ ಬಿಸಿಲು ಫಳಫಳ ಹೊಳೆಯುತ್ತಿತ್ತು.

ಅತ್ತೆ ನನ್ನ ಹೆಗಲು ಹಿಡಿದು ಮೆಲ್ಲಗೆ ಕುಳಿತಳು. “ಬಿಸಲೈತಲ್ಲ” ಎಂದಳು. ಮತ್ತೆ ಆಕಾಶ ನೋಡಿ, “ಇನ್ನೂ ಬಿಸಲೈತಲ್ರಿ” ಎಂದಳು.

ಸಂಗಪ್ಪ ಮರುದಿನ ನೀರು ಇಳಿಯುವವರೆಗೆ ಆಚೆಯೇ ಉಳಿದ. ಹಸಿ ಶೇಂಗಾ ಕಿತ್ತು ತಿಂದು ಹಬ್ಬ ಮಾಡಿದ. ಅಂದಿನಿಂದ ನನ್ನನ್ನು ಯಾರೂ ಮಳೆರಾಯ ಎನ್ನುವುದಿಲ್ಲ. ಅಳಿಯ ಓದು ಕಲಿತದ್ದಕ್ಕೆ ಅತ್ತೆ ಉಳಿದಳು ಎನ್ನುತ್ತಾರೆ.

ನಿಮಗೆ ಮಾತ್ರ ಹೇಳುತ್ತೇನೆ. ನಾನು ಕುಳಿತದ್ದು ಸಂದೇಶ ನಂಬಿ ಅಲ್ಲ, ಅವರು ನಕ್ಕರೆಂದು. ಅತ್ತೆ ಅಂದು ನಗದೆ, “ಬರ್ರಿ, ಏನೂ ಆಗಂಗಿಲ್ಲ” ಎಂದು ಸಮಾಧಾನದಿಂದ ಕರೆದಿದ್ದರೆ, ಬುಟ್ಟಿ ಹೊತ್ತು ಅವಳ ಹಿಂದೆಯೇ ಇಳಿಯುತ್ತಿದ್ದೆ.

ಇಷ್ಟು ಬರೆಯುವುದರೊಳಗೆ ಕಾಖಂಡಕಿಯಿಂದ ಅತ್ತೆಯದೇ ಫೋನು.

“ಅಳಿಯಂದ್ರ, ಮಳೀದು ಏನರ ಬಂದೈತೇನ್ರಿ?”

ಸಂದೇಶವನ್ನು ಗಟ್ಟಿಯಾಗಿ ಓದಿದೆ. ಕೊನೆಯ ಅಕ್ಷರದವರೆಗೂ ಕೇಳಿದಳು.

“ಕಳ್ಳಕವಟಗಿಗೆ ಫೋನ್ ಹಚ್ಚಿ ಕೇಳ್ರಿ.”

“ಕೇಳ್ತೀನ್ರಿ ಅತ್ತಿ. ಅಲ್ಲೇನರ ಮೋಡ ಆಗೈತೇನ್ರಿ?”

“ಇಲ್ರಿ,” ಎಂದಳು ಸಣ್ಣ ದನಿಯಲ್ಲಿ. “ಚಂದಂಗ ಬಿಸಲ ಬಿದ್ದೈತಿ. ಅದಕ್ಕ ಅಂಜಿಕಿ ಬರಾಕತ್ತೈತಿ.”