ಎಕ್ಸ್-ರೇ ಕನ್ನಡಕ

ಅಂಚೆಯಲ್ಲಿ ತರಿಸುವ ಎಕ್ಸ್-ರೇ ಕನ್ನಡಕ ಹಾಕಿಕೊಂಡರೆ ಕೈಯೊಳಗಿನ ಮೂಳೆ ಕಾಣುತ್ತದೆ ಎಂದು ನಮ್ಮ ಶಾಲೆಯ ಮಕ್ಕಳೆಲ್ಲ ನಂಬಿದ್ದೆವು. ವಾರಪತ್ರಿಕೆಯ ಕೊನೆಯ ಪುಟಗಳಲ್ಲಿ ಅದರ ಜಾಹೀರಾತು ಇರುತ್ತಿತ್ತು. ನಾನೂ ತರಿಸಿದ್ದೆ. ಪೋಸ್ಟ್‌ಮ್ಯಾನ್‌ಗಾಗಿ ಕಾದ ಮೂರು ವಾರ ಚೆನ್ನಾಗಿತ್ತು. ಆಮೇಲಿನದನ್ನು ಯಾರಿಗೂ ಹೇಳಲಿಲ್ಲ.

ಮುಂದೆ ಕಾರ್ಕಳದ ಸಣ್ಣ ಆಸ್ಪತ್ರೆಯೊಂದರಲ್ಲಿ ನಿಜವಾದ ಎಕ್ಸ್-ರೇ ತೆಗೆಯುವ ಕೆಲಸಕ್ಕೆ ಸೇರಿದೆ. ಕತ್ತಲೆಯ ಕೋಣೆ, ನಾನೊಬ್ಬನೇ. ಒಂದು ಮಧ್ಯಾಹ್ನ ಬಾಗಲಕೋಟೆ ಕಡೆಯ ಗಾರೆ ಕೆಲಸದವನೊಬ್ಬ ಬಾತುಹೋದ ಮುಂಗೈ ಹಿಡಿದುಕೊಂಡು ಬಂದ. ಜೊತೆಗೆ ಹತ್ತು ವರ್ಷದ ಮಗಳು. ಬಜಗೋಳಿಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಬಿದ್ದು ಎಂಟು ದಿನವಾಗಿತ್ತಂತೆ.

“ಇಷ್ಟು ದಿನ ಎಂತ ಮಾಡ್ತಿದ್ದೆ ಮಾರಾಯ?”

“ನನ್ನ ಮಗಳು ನೋಡಿ, ಎಲುವು ನೆಟ್ಟಗೈತಿ ಅಂದಳ್ರೀ. ಕೆಲಸಕ್ಕ ಹೋದೆ. ಈ ಊರಾಗ ಕೇಳಾಕ ನನಗ ಮತ್ಯಾರದಾರ?”

ಮಗಳು ಚೀಲದಿಂದ ಕನ್ನಡಕ ತೆಗೆದು ತೋರಿಸಿದಳು. ನಾನು ತರಿಸಿದ್ದಂಥದೇ ರಟ್ಟಿನ ಚೌಕಟ್ಟು.

ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಮೂಳೆ ಎರಡು ತುಂಡಾಗಿತ್ತು.

“ಇರ್ಲಿ ಬಿಡವ್ವಾ,” ಎಂದು ಅಪ್ಪ ಒಳ್ಳೆಯ ಕೈಯಿಂದ ಅವಳ ತಲೆ ಸವರಿದ. ಅವಳು ಅವನ ಮುಖ ನೋಡದೆ ನನ್ನ ಮೇಲೆ ಜಗಳಕ್ಕೆ ಬಂದಳು.

“ನನಗ ಖರೇನ ಕಂಡಿತ್ರೀ!”

“ಗೊತ್ತುಂಟು. ನನಗೂ ಕಂಡಿತ್ತು,” ಎಂದೆ. ಅಷ್ಟು ವರ್ಷಗಳಲ್ಲಿ ಅದನ್ನು ಒಪ್ಪಿಕೊಂಡದ್ದು ಅವಳೊಬ್ಬಳ ಮುಂದೆ.

ಅವಳಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ, ಊಟಕ್ಕೆಂದು ತಂದಿದ್ದ ಬಾಳೆಹಣ್ಣನ್ನು ಎದುರಿಗೆ ಹಿಡಿದೆ.

ಬಾಳೆಹಣ್ಣಿನೊಳಗೂ ಮೂಳೆ ಇತ್ತು.