ಒರಸಿದರೂ ಹೋಗದ ಕುಂಕುಮ

ಇವತ್ತ ಖಂಡೇನವಮಿ. ಮರಿಮೊಮ್ಮಗ ತನ್ನ ಬೈಕಿಗೆ ಕುಂಕುಮ ಹಚ್ಚೂದು ನೋಡಿ, ನೂರು ದಾಟಿದ ನನಗ ಕಣಕುಂಬಿಯ ತವರಮನಿ ನೆನಪಾತು. ನಾ ಹೇಳಾಕತ್ತೇನಿ, ಅವನೇ ಟೈಪ್ ಮಾಡಿ ಹಾಕಾಕತ್ತಾನ.

ನಮ್ಮಪ್ಪನ ಕಡೆ ಮುತ್ತ್ಯಾನ ಕಾಲದ ಬಂದೂಕಿತ್ತು. ಕಬ್ಬಿಣದ ಪಟ್ಟಿ ಹೊಸೆದು ಮಾಡಿದ ನಳಿಗಿ, ಮೈತುಂಬ ಬಳ್ಳಿಯಂಥ ಗೆರಿ. ಅದಕ್ಕ ಹಳೇ ಕರೀಮದ್ದಷ್ಟ ಗೊತ್ತು. ಕಾಕಾ ಬೆಳಗಾವಿಯಿಂದ ಹೊಗಿ ಬಾರದ ಹೊಸಾ ಕಾಡತೂಸು ತಂದ. ಮದ್ದು ಭಾಳ ಜೋರೈತಿ ಅಂತ, ಮೊದಲ ಬಂದೂಕನ್ನ ಗಿಡಕ್ಕ ಕಟ್ಟಿ ದೂರದಿಂದ ಹಗ್ಗ ಜಗ್ಗಿ ಹಾರಿಸಿದ್ರು. ನಳಿಗಿ ಒಡೀಲಿಲ್ಲ.

"ಪಾಸಾತು ನೋಡಣ್ಣಾ!" ಅಂದ ಕಾಕಾ.

ಮರುದಿನ ಖಂಡೇಪೂಜಿ ಮುಗಿಸಿ ಅಪ್ಪ ಹಂದಿ ಬ್ಯಾಟಿಗೆ ಹೊಂಟ. ನಳಿಗಿ ಮ್ಯಾಲಿನ ಕುಂಕುಮ ಎಣ್ಣಿ ಅರಿವಿಲೆ ಒರಸಿ, ಅದನ್ನ ಅವನ ಹಣಿಗೆ ಹಚ್ಚೂದು ನಮ್ಮನಿ ಪದ್ಧತಿ. ಅವ್ವ ಒರಸಿದಳು. ಒಂದು ಗೆರಿ ಕೆಂಪಗೇ ಉಳೀತು. ತಿಕ್ಕಿ ಒರಸಿದಳು. ಹೋಗಲಿಲ್ಲ.

"ವೈನಿ, ಹೊತ್ತಾತು," ಅಂದ ಕಾಕಾ.

ಅವ್ವ ಅಪ್ಪನ ಕಡೆ ತಿರುಗಿ, "ಉಳಿದ ಗೆರಿ ಎಲ್ಲಾ ಸ್ವಚ್ಛ ಆದೂವು. ಇದರಾಗಷ್ಟ ಕುಂಕುಮ ಒಳಗ ಇಳದೈತ್ರಿ," ಅಂದಳು.

ಅಪ್ಪ ಅದರ ಮ್ಯಾಲ ಉಗುರಾಡಿಸಿದ. ಉಗುರು ಸಿಕ್ಕೊಂಡು ನಿಂತಿತು. ಪಾಸಾದ ನಳಿಗಿ ಅದೇ ಪರೀಕ್ಷಾದಾಗ ಸೀಳಿತ್ತು, ಅದೂ ಅಪ್ಪ ಎಡಗೈಲೆ ಹಿಡಿಯೂ ಜಾಗಾದಾಗ. ನಾ ಅವ್ವನ ಸೆರಗು ಗಟ್ಟಿ ಹಿಡಕೊಂಡೆ. ಅಪ್ಪ ಕಾಡತೂಸು ಹೊರಗ ತಗದು ಕಾಕಾನ ಕೈಯಾಗಿಟ್ಟ.

ಈಗ ಬೈಕಿನ ಮ್ಯಾಲಿನ ಕುಂಕುಮ ನಾ ಸೆರಗಿಲೆ ಒರಸಿದೆ.

"ಅಜ್ಜೀ, ಈಗ ಹಚ್ಚಿದ್ದದು!" ಅಂತ ಹುಡುಗ ಒದರಿದ.

ಪೂರಾ ಅಳಿಸಿ ಹೋದ ಮ್ಯಾಲನ ನಾ ಗಾಡಿ ಮುಂದಿಂದ ಸರದೆ.