ಹಕ್ಕಿ ಕಾಯುತ್ತ ಓದಿದ ಇಂಗ್ಲಿಷ್

ನನ್ನ ಹಿರಿಯ ಮೊಮ್ಮಗಳು, ನಿಮ್ಮ ದೊಡ್ಡಕ್ಕ, ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದ ಚಳಿಗಾಲದ ಮಾತು. ಮುಂದೆ ಹೈಸ್ಕೂಲಿಗೆ ಇಂಡಿಗೆ ಹೋಗಬೇಕಿತ್ತು. ಅಲ್ಲಿ ಎರಡನೆಯ ಭಾಷೆಯಾಗಿ ಇಂಗ್ಲಿಷ್ ಓದಬಹುದು, ಇಲ್ಲವೆ ಅದಕ್ಕಿಂತ ಕಠಿಣವಾದ ಮೊದಲನೆಯ ಭಾಷೆಯ ಇಂಗ್ಲಿಷ್ ತೆಗೆದುಕೊಳ್ಳಬಹುದು. ಮಾಸ್ತರರು ಆ ಕಠಿಣ ಪುಸ್ತಕವನ್ನೇ ಅವಳ ಕೈಗಿಟ್ಟು, “ಓದಿ ನೋಡವಾ, ಇದನ್ನ ತಗೋತೀಯೋ ಇಲ್ಲೋ ಸೋಮವಾರ ಹೇಳು” ಎಂದಿದ್ದರು. ಪುಸ್ತಕಕ್ಕೆ ಅವಳು ಹೆದರಲಿಲ್ಲ. ಆದರೆ ಆ ವರ್ಗದಲ್ಲಿ ದಿನಾ ಎದ್ದು ನಿಂತು ಎಲ್ಲರೆದುರು ಗಟ್ಟಿಯಾಗಿ ಓದಬೇಕಂತೆ. ಅದನ್ನು ನೆನೆದೇ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ನಾನು ಹೊಲಕ್ಕೆ ಹಕ್ಕಿ ಕಾಯಲು ಹೊರಟಾಗ ಪುಸ್ತಕ ಹಿಡಿದು ಹಿಂದೆ ಬಂದಳು. ಬಿಳಿಜೋಳ ತಲೆ ಮೀರಿ ಬೆಳೆದಿತ್ತು, ತೆನೆಗಳಲ್ಲಿ ಹಾಲು ತುಂಬಿತ್ತು. ಬೆಳೆಯ ನಡುವೆ ಕೂತರೆ ಯಾವುದೋ ಕೆರೆಯ ತಳದಲ್ಲಿ ಕೂತ ಹಾಗೆ. ಬೆಳಕು ಹಸಿರಾಗಿ ಇಳಿಯುತ್ತಿತ್ತು. ಪಕ್ಕದ ಹೊಲದವರ ಮಾತು ಬಹಳ ದೂರದಿಂದ ತೇಲಿ ಬಂದು ಅಲ್ಲೇ ಕರಗುತ್ತಿತ್ತು.

ಕೂಗಿ ಹಕ್ಕಿ ಓಡಿಸಲು ನನಗೆ ಎಂದೂ ಬರಲಿಲ್ಲ. ನನ್ನ ಯಜಮಾನರು, ನಿಮ್ಮ ಮುತ್ಯಾ, ಇದ್ದಾಗ ಅವರೇ ಕೂಗುತ್ತಿದ್ದರು. ಅವರು ಹೋದ ಮೇಲೆ ನಾನು ತಗಡಿನ ಡಬ್ಬಿ ಬಡಿಯುತ್ತಿದ್ದೆ.

ಅವಳು ತುಟಿಯೊಳಗೇ ಓದತೊಡಗಿದಳು.

“ಅಷ್ಟ ಸಣ್ಣಗ ಓದಿದ್ರ ಗುಬ್ಬಿಗೂ ಕೇಳೂದಿಲ್ಲ” ಎಂದೆ.

“ನೀನರ ಎಲ್ಲಿ ಕೂಗ್ತಿ ಆಯಿ? ಡಬ್ಬಿ ಬಡೀತಿ.”

“ಮತ್ತೇನ್ ಮಾಡ್ಲಿ?”

“ಕೊಡಿಲ್ಲಿ” ಎಂದು ಡಬ್ಬಿ ಕಸಿದುಕೊಂಡು ಬೋರಲು ಹಾಕಿ ಅದರ ಮೇಲೇ ಕೂತಳು. ಇಬ್ಬರಿಗೂ ನಗು ಬಂತು. ಗುಬ್ಬಿಗಳು ತೆನೆಗಿಳಿದವು. ಈಗ ಅವುಗಳನ್ನು ಎಬ್ಬಿಸಲು ಅವಳ ದನಿಯೊಂದೇ ಉಳಿದಿತ್ತು. ಅವಳು ಗಟ್ಟಿಯಾಗಿ ಓದಿದಳು. ಗುಬ್ಬಿಗಳು ಒಮ್ಮೆಲೆ ಎದ್ದು, ಬಿಸಿಲಲ್ಲಿ ಹೊಟ್ಟು ತೂರಿದಂತೆ ಚದುರಿದವು. ಮತ್ತೆ ಇಳಿದವು, ಮತ್ತೆ ಓದಿದಳು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೂ ಕಣ್ಣು ಮುಚ್ಚಿ ಕೇಳುತ್ತ ಹೋದೆ. ನಾನೇ ಎರಡು ಜಡೆಯ ಹುಡುಗಿಯಾಗಿ ಯಾವುದೋ ಶಾಲೆಯಲ್ಲಿ ನಿಂತ ಹಾಗಾಯಿತು.

ಆಗ ಯಾರಿಗೂ ಹೇಳದ ಮಾತು ಹೇಳಿದೆ. ನಾನು ಏಳನೆಯದು ಮುಗಿಸಿದಾಗ ನಮ್ಮಪ್ಪ ಹೊರ್ತಿಯ ಹೈಸ್ಕೂಲಿಗೆ ಹೆಸರು ಹಚ್ಚಲು ಕರೆದುಕೊಂಡು ಹೊರಟಿದ್ದ. ಗಂಡು ಹುಡುಗರ ಮುಂದೆ ಓದಬೇಕಲ್ಲ ಎಂದು ಹೊಟ್ಟೆನೋವಿನ ಸುಳ್ಳು ಹೇಳಿ ಮಲಗಿಬಿಟ್ಟೆ.

“ಮರುದಿನ ಹೋಗಬೇಕಿತ್ತಲ್ಲ?” ಎಂದಳು.

“ಮರುದಿನ ಯಾರೂ ಕರೀಲಿಲ್ಲ.”

ಅವಳು ಹಾಳೆ ತಿರುವಿ, ಹೊತ್ತು ಇಳಿಯುವ ತನಕ ಓದಿದಳು. ತಡವರಿಸಿದಲ್ಲಿ ಹಿಂದೆ ಹೋಗಿ ಮತ್ತೆ ಓದಿದಳು.

ಸೋಮವಾರ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತಳು. ಮಾಸ್ತರರ ಪುಸ್ತಕ ಇನ್ನೂ ಕೈಯಲ್ಲೇ ಇತ್ತು.

“ಆಯಿ, ಹಳೇ ಪೇಪರ್ ಎಲ್ಲಿ ಇಟ್ಟೀ? ಇದಕ್ಕ ರಟ್ಟ ಹಾಕಬೇಕು. ಮಾಸ್ತರರು ನೀನ ಇಟ್ಕೋ ಅಂದ್ರು.”